ಮೊದಲು ಪರದೆ, ಆಮೇಲೆ ಹಕ್ಕಿ

ಪ್ರಶ್ನೆ: ನಾನು ಸುರಪುರ ತಾಲ್ಲೂಕಿನ ಒಂದು ಹಳ್ಳಿ ಶಾಲೆಯ ಶಿಕ್ಷಕ. ಹೋದ ವರ್ಷ 24 ಮೆಗಾಪಿಕ್ಸೆಲ್ ಕ್ಯಾಮೆರಾ ಮತ್ತು 70-300 ಎಂ.ಎಂ. ಲೆನ್ಸ್ ತಗೊಂಡೆ. ರವಿವಾರ ಬಂತೆಂದರೆ ಬೋನಾಳ ಕೆರೆಗೆ ಹೋಗುತ್ತೇನೆ. ಫೋಟೋ ಸ್ಪಷ್ಟವಾಗಿಯೇ ಬರುತ್ತವೆ, ಆದರೆ ನೋಡಿದವರು ‘ಹಾಂ, ಹಕ್ಕಿ ಅದ’ ಅಂದು ಮುಂದಿನದಕ್ಕೆ ಹೋಗಿಬಿಡುತ್ತಾರೆ. 600 ಎಂ.ಎಂ. ಲೆನ್ಸ್ ಇಲ್ಲದೆ ಇದು ಆಗುವ ಕೆಲಸವಲ್ಲ ಎಂಬುದು ಗೆಳೆಯರ ಮಾತು. ಮೂರು ಚಿತ್ರ ಕಳಿಸಿದ್ದೇನೆ: ಕೆರೆಯಲ್ಲಿನ ಬಣ್ಣದ ಕೊಕ್ಕರೆ, ತಂತಿ ಮೇಲಿನ ನೀಲಕಂಠ, ಹೊಲದಲ್ಲಿ ಹಾರುವ ಬೆಳ್ಳಕ್ಕಿ. ತಪ್ಪು ಎಲ್ಲಿದೆ? ಕಂಪ್ಯೂಟರಿನಲ್ಲಿ ಎಷ್ಟು ಸರಿಮಾಡಬಹುದು? ಇನ್ನೊಂದು, ನಮ್ಮ ಶಾಲೆಯ ಹಿಂದಿನ ಹೊಲದಲ್ಲಿ ಟಿಟ್ಟಿಭ ಮೊಟ್ಟೆ ಇಟ್ಟಿದೆ. ಅದರ ಫೋಟೋ ತೆಗೆಯಬಹುದೇ?

ಉತ್ತರ: ಮಾಸ್ತರರೇ, ‘ಹಾಂ, ಹಕ್ಕಿ ಅದ’ ಅಂದವರು ನಿಮ್ಮ ಚಿತ್ರಗಳಿಗೆ ಸರಿಯಾದ ವಿಮರ್ಶೆಯನ್ನೇ ಮಾಡಿದ್ದಾರೆ. ಮೂರರಲ್ಲೂ ಹಕ್ಕಿ ಇದೆ, ಫೋಕಸ್ ಕೂಡ ಸರಿಯಾಗಿ ಬಿದ್ದಿದೆ. ಆದರೆ ಹಕ್ಕಿ ಕೂತ ಜಾಗವನ್ನು ನೀವು ನೋಡಿಯೇ ಇಲ್ಲ.

ಹಕ್ಕಿಗಳ ಬೆನ್ನು ಹತ್ತುವ ಮುಂಚೆ ನಾನು ಕಲಬುರಗಿಯಲ್ಲಿ ಸ್ಟುಡಿಯೋ ಇಟ್ಟಿದ್ದವನು. ರೀಲಿನ ಕಾಲ. ಹೊಸದಾಗಿ ಮದುವೆಯಾದ ಜೋಡಿ ಬಂದರೆ ಮೊದಲ ಕೆಲಸ ಪರದೆ ಇಳಿಸುವುದು. ಒಂದರ ಮೇಲೆ ತಾಜಮಹಲ್ ಇತ್ತು, ಇನ್ನೊಂದರಲ್ಲಿ ಜಲಪಾತ, ಮತ್ತೊಂದು ಬರೇ ಬೂದಿಬಣ್ಣದ್ದು. ಹುಡುಗಿಯ ಸೀರೆ ಬಣ್ಣ ನೋಡಿ ಪರದೆ ಆರಿಸಿ, ಅವರನ್ನು ಸ್ಟೂಲಿನ ಮೇಲೆ ಕೂಡ್ರಿಸಿ, ಕಟ್ಟಕಡೆಗೆ ಕ್ಯಾಮೆರಾಕ್ಕೆ ಕಣ್ಣು ಹಚ್ಚುತ್ತಿದ್ದೆವು. ಅಂಥ ನಾನೇ ಕೆರೆದಂಡೆಗೆ ಬಂದಾಗ ಈ ಕ್ರಮವನ್ನು ತಿರುಗುಮುರುಗು ಮಾಡಿದೆ. ಹಕ್ಕಿ ಕಂಡಿತು, ಲೆನ್ಸ್ ಎತ್ತಿದೆ, ಒತ್ತಿದೆ. ಎರಡು ವರ್ಷ ಹಂಗೇ ಹೋಯಿತು. ಮನೆಯಲ್ಲಿ ಗುಡ್ಡೆ ಬಿದ್ದ ಚಿತ್ರಗಳನ್ನು ಒಂದು ದಿನ ಕೂತು ನೋಡಿದಾಗ ತಿಳಿಯಿತು, ಮಂದಿಗೆ ಪರದೆ ಆರಿಸುತ್ತಿದ್ದವನು ಹಕ್ಕಿಗೆ ಆರಿಸಿಯೇ ಇಲ್ಲ. ಹೊಲದಲ್ಲಿ ಪರದೆ ಮೊದಲೇ ತೂಗುಹಾಕಿರುತ್ತದೆ, ಅದನ್ನು ಬದಲಿಸಲು ಬರುವುದಿಲ್ಲ. ನಾವೇ ಎದ್ದು ಸರಿಯಬೇಕು. ನಿಮ್ಮ ಮೂರು ಚಿತ್ರಗಳಿಗೂ ನಾನು ಹೇಳುವುದು ಹೆಚ್ಚುಕಡಿಮೆ ಇದೊಂದನ್ನೇ.

ಮೊದಲು ಬಣ್ಣದ ಕೊಕ್ಕರೆ. ಇದನ್ನು ನೀವು ಏರಿಯ ಮೇಲೆ ನಿಂತು ತೆಗೆದಿದ್ದೀರಿ, ಕೇಳುವುದೇ ಬೇಡ. ಹಕ್ಕಿಯ ಬೆನ್ನು ಕಾಣುತ್ತಿದೆ, ಹಿಂದೆಲ್ಲ ಕಲಕಿದ ನೀರು, ಕಸ, ತೇಲುವ ಎಲೆ. ಬೋನಾಳದ ಕೆರೆ ಸುರಪುರದ ನಾಯಕರ ಕಾಲದ್ದು, 19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬ ಅದನ್ನು ಮತ್ತೆ ಕಟ್ಟಿಸಿದ. ಆ ಏರಿ ನೀರು ನಿಲ್ಲಿಸಲಿಕ್ಕೆ ಬಹಳ ಚಲೋ. ಫೋಟೋಕ್ಕೆ ಅದರಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ.

ಯಾಕೆ ಅಂತ ಲೆಕ್ಕ ಹಾಕಿ ನೋಡೋಣ, ಮಕ್ಕಳಿಗೂ ಬೋರ್ಡಿನ ಮೇಲೆ ಬಿಡಿಸಿ ತೋರಿಸಬಹುದು. ನಿಮ್ಮ ಕಣ್ಣು ನೀರಿನಿಂದ 5 ಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ. 20 ಮೀಟರ್ ಆಚೆ ಒಂದು ಮೀಟರ್ ಎತ್ತರದ ಕೊಕ್ಕರೆ ನಿಂತಿದೆ. ನಿಮ್ಮ ಕಣ್ಣಿನಿಂದ ಅದರ ತಲೆಯ ಮೇಲೆ ಹಾಯುವಂತೆ ಗೆರೆ ಎಳೆದರೆ, ಆ ಗೆರೆ ಹಕ್ಕಿಯಿಂದ ಬರೇ 5 ಮೀಟರ್ ಆಚೆ ನೀರಿಗೆ ಮುಟ್ಟುತ್ತದೆ. ಅಂದರೆ ತಲೆಯ ಹಿಂದಿನ ಪರದೆ ಐದೇ ಮೀಟರ್ ದೂರದಲ್ಲಿದೆ. ಹೊಟ್ಟೆಯ ಹಿಂದಿನದು ಇನ್ನೂ ಹತ್ತಿರ, ಎರಡು ಮೀಟರಿಗಿಂತ ತುಸು ಹೆಚ್ಚು. ಇಷ್ಟು ಹತ್ತಿರದ ಪರದೆ ಪೂರ್ತಿ ಮಸುಕಾಗುವುದಿಲ್ಲ, ಕಸಕಡ್ಡಿ ಅರ್ಧಂಬರ್ಧ ಕಾಣುತ್ತಲೇ ಇರುತ್ತದೆ. ಈಗ ದಂಡೆಗಿಳಿದು, ಕ್ಯಾಮೆರಾ ನೀರಿನಿಂದ ಅರ್ಧ ಮೀಟರ್ ಮೇಲೆ ಬರುವ ಹಾಗೆ ಕುಕ್ಕರಗಾಲಲ್ಲಿ ಕೂಡಿ, ಇಲ್ಲವೇ ಹೊಟ್ಟೆಯ ಮೇಲೆ ಮಲಗಿ. ಗೆರೆ ಹಕ್ಕಿಯ ತಲೆ ದಾಟಿ ಮೇಲಕ್ಕೆ ಹೋಗುತ್ತದೆ, ಪರದೆ ಆಚೆ ದಂಡೆಗೆ ಸರಿಯುತ್ತದೆ. ಅದು ನೂರಿನ್ನೂರು ಮೀಟರ್ ದೂರ ಇದ್ದರೆ ಹಸಿರು, ಕಂದು ಎಲ್ಲ ಕೂಡಿ ಮೆತ್ತನೆಯ ಬಣ್ಣವಾಗಿ ಬೀಳುತ್ತದೆ. ಅದೇ ಹಕ್ಕಿ, ಅದೇ ಲೆನ್ಸ್, ನೀವು ಮಾಡಿದ ಖರ್ಚು ಅಂಗಿಗೆ ಹತ್ತಿದ ಕೆಸರಷ್ಟೇ. ಆದರೆ ಅದು ಪಕ್ಷಿಧಾಮ, ಇಳಿಯಬಾರದೆಂದ ಕಡೆ ಇಳಿಯಬೇಡಿ. ಕಾವಲಿನವರನ್ನು ಕೇಳಿದರೆ ಅವರೇ ಜಾಗ ತೋರಿಸುತ್ತಾರೆ, ಎಷ್ಟೋ ಸಲ ಹಕ್ಕಿಯನ್ನೂ ತೋರಿಸುತ್ತಾರೆ.

ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಯುವುದರಲ್ಲಿ ಇನ್ನೊಂದು ಲಾಭವಿದೆ. ಮೇಲಿನಿಂದ ನೋಡಿದರೆ ಕೊಕ್ಕರೆ ಒಂದು ವಸ್ತು. ಸಮನಾಗಿ ನೋಡಿದರೆ ಅದೂ ನಮ್ಮನ್ನು ನೋಡುತ್ತಿರುತ್ತದೆ.

ಬಣ್ಣದ ಕೊಕ್ಕರೆಯ ನಡತೆಯೂ ಗೊತ್ತಿರಬೇಕು. ಅದು ಮೀನನ್ನು ಕಣ್ಣಿನಿಂದ ಹುಡುಕುವುದು ಕಡಿಮೆ. ಕೊಕ್ಕನ್ನು ಅರ್ಧ ತೆರೆದು ನೀರಲ್ಲಿ ಅತ್ತಿತ್ತ ಆಡಿಸುತ್ತ, ಮೀನು ತಾಗಿದ ಕೂಡಲೇ ಕಚ್ಚುತ್ತದೆ. ಹಾಗಾಗಿ ಹತ್ತು ನಿಮಿಷದಲ್ಲಿ ಒಂಬತ್ತು ನಿಮಿಷ ತಲೆ ನೀರಿನಲ್ಲೇ ಇರುತ್ತದೆ. ನಿಮ್ಮ ಚಿತ್ರದಲ್ಲೂ ಮುಖವೇ ಇಲ್ಲ. ಮೀನು ಸಿಕ್ಕಾಗ ತಲೆ ಮೇಲೆತ್ತಿ ನುಂಗುತ್ತದೆ, ಆಗ ಹಳದಿ ಕೊಕ್ಕು, ಕೇಸರಿ ಮುಖ, ರೆಕ್ಕೆಯ ಹಿಂಭಾಗದ ಗುಲಾಬಿ ಎಲ್ಲ ಒಂದೇ ಚೌಕಟ್ಟಿಗೆ ಬರುತ್ತವೆ. ಆ ಗಳಿಗೆಗೆ ಬೆರಳನ್ನು ಗುಂಡಿಯ ಮೇಲಿಟ್ಟು ಕಾಯಬೇಕು. ತಲೆ ತುಸು ನಿಮ್ಮ ಕಡೆ ತಿರುಗಿರಲಿ, ಆಚೆ ಕಡೆ ವಾಲಿದ ತಲೆ ಎಷ್ಟು ಸ್ಪಷ್ಟವಾಗಿದ್ದರೂ ಮುನಿಸಿಕೊಂಡ ಬೀಗರ ಹಾಗೆ ಕಾಣುತ್ತದೆ.

ಚೌಕಟ್ಟಿನ ಬಗ್ಗೆ ಎರಡು ಮಾತು. ಕೊಕ್ಕರೆ ಎತ್ತರದ ಹಕ್ಕಿ, ಕ್ಯಾಮೆರಾ ನಿಲ್ಲಿಸಿ ಹಿಡಿಯಿರಿ. ನೆರಳು ನೀರಲ್ಲಿ ಪೂರ್ತಿ ಬಿದ್ದಿದ್ದರೆ ಪೂರ್ತಿ ಸೇರಿಸಿ, ಇಲ್ಲದಿದ್ದರೆ ಧೈರ್ಯವಾಗಿ ಬಿಟ್ಟುಬಿಡಿ. ನೀವು ಮಾಡಿದ ಹಾಗೆ ನೆರಳಿನ ಕುತ್ತಿಗೆಗೆ ಕತ್ತರಿ ಹಾಕಬೇಡಿ. ಕಾಲು ನೀರಿನಲ್ಲಿ ಮುಳುಗಿದ್ದರೂ ಪಾದ ಎಲ್ಲಿರಬಹುದೋ ಅಷ್ಟು ಜಾಗ ಕೆಳಗೆ ಬಿಟ್ಟರೆ ಹಕ್ಕಿ ನಿಂತಂತೆ ಕಾಣುತ್ತದೆ. ನೀರಿನ ಗೆರೆ ಸೊಟ್ಟಗಿದ್ದರೆ ಕೆರೆಯೇ ಸೋರಿಹೋಗುವ ಹಾಗೆ ಅನಿಸುತ್ತದೆ, ಅದು ಮನೆಯಲ್ಲಿ ಸರಿಮಾಡುವಂಥದ್ದು. ಹಕ್ಕಿಯನ್ನು ನಟ್ಟನಡುವೆ ಇಡದೆ ಚೌಕಟ್ಟಿನ ಮೂರನೇ ಒಂದು ಭಾಗದ ಗೆರೆಯ ಮೇಲಿಡುವ ನಿಯಮ, ಹಕ್ಕಿ ನೋಡುವ ಕಡೆ ಜಾಗ ಬಿಡುವ ನಿಯಮ ನಿಮಗೆ ಗೊತ್ತೇ ಇದೆ, ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಹತ್ತರಲ್ಲಿ ಎಂಟು ಸಲ ಅವು ಸರಿ. ಇನ್ನೆರಡು ಸಲ ಹಕ್ಕಿ ನಟ್ಟನಡುವೆ ಕೂತರೇ ಚಂದ.

ಎರಡನೆಯದು ನೀಲಕಂಠ. ನಮ್ಮ ರಾಜ್ಯಪಕ್ಷಿಯನ್ನು ಕರೆಂಟಿನ ತಂತಿ ಮೇಲೆ, ಬಿಳಿ ಆಕಾಶದ ಎದುರು, ಕೆಳಗಿನಿಂದ, ಹೊಟ್ಟೆ ಕಾಣುವ ಹಾಗೆ ತೆಗೆದಿದ್ದೀರಿ. ಚಿತ್ರದ ಜೊತೆ ನೀವು ಬರೆದು ಕಳಿಸಿದ ಮಾಹಿತಿ ನೋಡಿದೆ, ಬೆಳಿಗ್ಗೆ 11.20. ಆ ಹೊತ್ತಿಗೆ ಅಲ್ಲಿ ಬೇರೆ ಏನೂ ಆಗುವ ಹಾಗೂ ಇರಲಿಲ್ಲ.

ಆಕಾಶದ ಬೆಳಕಿಗೆ ಕ್ಯಾಮೆರಾ ಹೆದರಿ ಇಡೀ ಚಿತ್ರವನ್ನು ಕಪ್ಪು ಮಾಡಿದೆ, ನೀಲಿಯೆಲ್ಲ ಬೂದಿಯಾಗಿದೆ. ಪ್ಲಸ್-ಮೈನಸ್ ಗುರುತಿರುವ ಗುಂಡಿಯಿಂದ ಪ್ಲಸ್ 1 ಅಥವಾ 1.3 ಕೊಟ್ಟಿದ್ದರೆ ಹಕ್ಕಿ ಉಳಿಯುತ್ತಿತ್ತು. ಕಾಜಾಣದಂಥ ಕರಿಹಕ್ಕಿಗೆ ಇನ್ನೂ ತುಸು ಹೆಚ್ಚು ಬೇಕು. ಇದು ಬರೇ ಜೀವ ಉಳಿಸುವ ಉಪಾಯ. ಪರದೆ ಮಾತ್ರ ಆ ಬಿಳಿ ಆಕಾಶವೇ.

ನಾನಾದರೆ ಹಿಂದೆ ಸರಿಯುತ್ತಿದ್ದೆ. ತಂತಿಯ ಬುಡಕ್ಕೆ ಹೋದಷ್ಟೂ ಕತ್ತು ಮೇಲಾಗುತ್ತದೆ, ಆಕಾಶ ಬಿಟ್ಟು ಬೇರೇನೂ ಸಿಗುವುದಿಲ್ಲ. 30-40 ಮೀಟರ್ ಹಿಂದೆ ಬಂದರೆ ಕೋನ ಇಳಿಯುತ್ತದೆ, ದೂರದ ಬೇವಿನ ಸಾಲೋ ದಿಬ್ಬವೋ ಹಿಂದೆ ಬರುತ್ತದೆ. ಹಕ್ಕಿ ಸಣ್ಣದಾಗುತ್ತದೆ ಎಂಬ ಹೆದರಿಕೆ ಬೇಡ. ನಮ್ಮ ಕಡೆ ದೀಪಾವಳಿಯ ಆಸುಪಾಸಿನಲ್ಲಿ ತೊಗರಿ ಹೂಬಿಟ್ಟಾಗ ಮೈಲುಗಟ್ಟಲೆ ಹಳದಿ ಹಾಸಿದಂತಿರುತ್ತದೆ. ಆ ಹಳದಿಯ ಎದುರು ಹೆಬ್ಬೆರಳಿನಷ್ಟು ನೀಲಕಂಠ ಇದ್ದರೂ ಸಾಕು. ಜೇವರ್ಗಿ ರಸ್ತೆಯಲ್ಲಿ ಹೋಗುವ ಯಾರೇ ಆಗಲಿ ‘ಇದು ನಮ್ಮ ಹೊಲ’ ಎಂದು ಗುರುತಿಸುತ್ತಾರೆ. ಹಕ್ಕಿಯಿಂದ ಚೌಕಟ್ಟು ತುಂಬಿದ ಚಿತ್ರವನ್ನು ರಾಜಸ್ಥಾನದಲ್ಲೂ ತೆಗೆಯಬಹುದು. ಇದನ್ನು ಇಲ್ಲೇ ತೆಗೆಯಬೇಕು. ಬೀದರ್ ಕಡೆ ಹೋದರೆ ಅದೇ ಆಟಕ್ಕೆ ಬೇರೆ ಬಣ್ಣ: ಅಲ್ಲಿಯ ಕೆಂಪು ಜಂಬಿಟ್ಟಿಗೆಯ ಎದುರು ಒಂದು ಹಸಿರು ಗಿಳಿ ಕೂತರೆ ಸಂಪಾದನೆಯ, ಅಂದರೆ ಕಂಪ್ಯೂಟರಿನಲ್ಲಿ ತಿದ್ದುವ ಅಗತ್ಯವೇ ಬೀಳುವುದಿಲ್ಲ. ಡಿಸೆಂಬರ್ ದಾಟಿ ಜೋಳ ಹಾಲ್ದುಂಬಿ ಸೀತನಿ ತಿನ್ನುವ ದಿನಗಳಲ್ಲಿ ಗುಲಾಬಿ ಮೈನಾಗಳ ಹಿಂಡು ಬರುತ್ತದೆ, ಆಗ ತೆನೆಯ ಹಾಲುಬಣ್ಣವೇ ಪರದೆ. ರೈತರಿಗೆ ಅವುಗಳಿಂದ ತ್ರಾಸು, ಕವಣೆ ಬೀಸುತ್ತ ಹೊಲದಲ್ಲಿ ನಿಂತಿರುತ್ತಾರೆ. ಅವರನ್ನೂ ಚೌಕಟ್ಟಿಗೆ ತಗೊಂಡರೆ ತಪ್ಪೇನಿಲ್ಲ, ಕೇಳಿ ತಗೊಳ್ಳಿ.

ನೀಲಕಂಠದ ಒಂದು ಗುಣ ನಿಮ್ಮ ಪರವಾಗಿದೆ. ಅದು ಎತ್ತರದಲ್ಲಿ ಕೂತು, ಕೆಳಗೆ ಮಿಡತೆಯೋ ಜೀರುಂಡೆಯೋ ಕಂಡಾಗ ಹಾರಿಬಿದ್ದು ಹಿಡಿದು, ಬಹಳ ಸಲ ಅದೇ ಜಾಗಕ್ಕೆ ವಾಪಸ್ ಬರುತ್ತದೆ. ಕಳ್ಳಿಪೀರವೂ ಹಾಗೆಯೇ. ಅದು ಕೂರುವ ಜಾಗಗಳನ್ನು ಅರ್ಧ ತಾಸು ಸುಮ್ಮನೆ ಗಮನಿಸಿ. ತಂತಿ ಒಂದೇ ಇರುವುದಿಲ್ಲ. ಬದುವಿನ ಕಲ್ಲುಕಂಬ ಇರುತ್ತದೆ, ಕಣಿಕೆ ಬಣವೆ ಇರುತ್ತದೆ, ಒಣಗಿದ ಜಾಲಿ ಇರುತ್ತದೆ. ಅವುಗಳಲ್ಲಿ ಯಾವುದಕ್ಕೆ ಒಳ್ಳೆಯ ಪರದೆ ಇದೆಯೋ ಅದರೆದುರು, ಬೆಳಕು ಬೆನ್ನಿಗೆ ಬರುವ ಹಾಗೆ ಕೂತುಬಿಡಿ. ಹಕ್ಕಿ ಇಲ್ಲದ ಖಾಲಿ ಕಂಬಕ್ಕೇ ಚೌಕಟ್ಟು ಕಟ್ಟಿ, ಕಂಬದ ಹಿಂದೆ ಯಾವ ಕೊಂಬೆಯೂ ಅಡ್ಡ ಬಾರದಂತೆ ಒಂದಡಿ ಎಡಕ್ಕೆ, ಬಲಕ್ಕೆ ಸರಿದು ನೋಡಿ. ಸ್ಟುಡಿಯೋದಲ್ಲಿ ಗಿರಾಕಿ ತಲೆ ಬಾಚಿಕೊಳ್ಳುವಾಗ ನಾವು ಖಾಲಿ ಸ್ಟೂಲಿಗೆ ಬೆಳಕು ಹೊಂದಿಸುತ್ತಿದ್ದ ಹಾಗೆ. ಹಕ್ಕಿ ಬಂದಾಗ ನಿಮಗೆ ಉಳಿದಿರುವ ಕೆಲಸ ಗುಂಡಿ ಒತ್ತುವುದೊಂದೇ.

ಬೈಕಿಗಿಂತ ಕಾರಿನಲ್ಲಿ ಹೋದರೆ ಅನುಕೂಲ. ನಿಂತ ಕಾರಿಗೆ ಹಕ್ಕಿ ಅಷ್ಟಾಗಿ ಅಂಜುವುದಿಲ್ಲ, ಇಳಿದ ಮನುಷ್ಯನಿಗೆ ಅಂಜುತ್ತದೆ. ಎಂಜಿನ್ ಬಂದ್ ಮಾಡಿ, ಹಳೇ ಪ್ಯಾಂಟಿನ ಕಾಲು ಕತ್ತರಿಸಿ ಜೋಳ ತುಂಬಿ ಎರಡೂ ಕಡೆ ಹೊಲಿದ ಚೀಲವನ್ನು ಕಿಟಕಿಯ ಮೇಲಿಟ್ಟು ಅದರ ಮೇಲೆ ಲೆನ್ಸ್ ಊರಿ. ನಾನು ಮೊದಲು ತೊಗರಿ ತುಂಬಿದ್ದೆ. ಬೇಳೆಯ ರೇಟು ಏರಿದಾಗ ಮನೆಯವರು ಬಿಚ್ಚಿಸಿದರು.

ಈಗ 11.20ರ ಮಾತಿಗೆ ಬರುತ್ತೇನೆ, ಯಾಕೆಂದರೆ ನಮ್ಮ ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳಲ್ಲಿ ಇದು ಬೇರೆಡೆಗಿಂತ ದೊಡ್ಡ ವಿಷಯ. ಎರೆಭೂಮಿ ಕಪ್ಪು, ಬೇಗ ಕಾಯುತ್ತದೆ. ಕಾದ ನೆಲದಿಂದ ಏಳುವ ಬಿಸಿಗಾಳಿಯಲ್ಲಿ ಬೆಳಕು ಒಂದೇ ಸಮ ಬಾಗುತ್ತ ಕುಣಿಯುತ್ತಿರುತ್ತದೆ. ಬಿಸಿಲ್ಗುದುರೆ ಕಾಣುವುದೂ ಇದೇ ಬಿಸಿಗಾಳಿಯ ಆಟದಿಂದ. ಉದ್ದದ ಲೆನ್ಸಿನಲ್ಲಿ ದೂರದ ಹಕ್ಕಿಯನ್ನು ತೆಗೆದಾಗ ಆ ಕುಣಿತವೂ ಹಿಗ್ಗಿ ಬರುತ್ತದೆ, ಗರಿಗಳು ಅಲೆಅಲೆಯಾಗಿ ಕದಡಿದಂತೆ ಕಾಣುತ್ತವೆ. ಫೋಕಸ್ ತಪ್ಪಿದೆಯೆಂದು ಲೆನ್ಸನ್ನು ರಿಪೇರಿಗೆ ಕೊಟ್ಟವರನ್ನು ನಾನು ಬಲ್ಲೆ. ಆ ಬುದ್ಧಿವಂತರಲ್ಲಿ ನಾನೂ ಒಬ್ಬ. ಇದಕ್ಕೆ ಯಾವ ಲೆನ್ಸೂ ಮದ್ದಲ್ಲ, 600 ಎಂ.ಎಂ. ಆದರೆ ಕುಣಿತ ಇನ್ನೂ ದೊಡ್ಡದಾಗಿ ಕಾಣುತ್ತದೆ. ಬೇಸಿಗೆಯಲ್ಲಿ ಎಂಟೂವರೆ-ಒಂಬತ್ತಕ್ಕೇ ಗಂಟು ಕಟ್ಟಿ ಮನೆಗೆ ಬನ್ನಿ. ಚಳಿಗಾಲದಲ್ಲಿ ಇನ್ನೊಂದು ತಾಸು ಸಿಗುತ್ತದೆ. ಸಂಜೆ ನಾಲ್ಕೂವರೆಯ ನಂತರ ಮತ್ತೆ ಹೋಗಬಹುದು.

ಚಳಿಗಾಲದ ಮುಂಜಾನೆಗೆ ಇನ್ನೂ ಒಂದು ವರವಿದೆ. ಹಕ್ಕಿಗಳು ಏಳುವಾಗಲೂ ಇಳಿಯುವಾಗಲೂ ಗಾಳಿಗೆ ಎದುರಾಗಿರುತ್ತವೆ, ವಿಮಾನದ ಹಾಗೆ. ಆ ದಿನಗಳಲ್ಲಿ ನಮ್ಮಲ್ಲಿ ಹೆಚ್ಚಾಗಿ ಮೂಡಗಾಳಿ ಬೀಸುತ್ತದೆ, ಸೂರ್ಯನೂ ಮೂಡಲಲ್ಲೇ. ಪೂರ್ವಕ್ಕೆ ಬೆನ್ನು ಮಾಡಿ ನಿಂತರೆ ಬೆಳಕು ನಿಮ್ಮ ಹಿಂದಿನಿಂದ ಬರುತ್ತದೆ, ಹಕ್ಕಿ ನಿಮ್ಮ ಕಡೆಗೇ ಮುಖ ಮಾಡಿ ಇಳಿಯುತ್ತದೆ. ಮಳೆಗಾಲದಲ್ಲಿ ಪಡುಗಾಳಿ, ಆಗ ಇದೇ ಅನುಕೂಲ ಸಂಜೆಗೆ ಸರಿಯುತ್ತದೆ. ಮೋಡ ಬಿಟ್ಟುಕೊಟ್ಟರೆ ಮಾತ್ರ.

ಮೂರನೆಯ ಚಿತ್ರದ ಬೆಳ್ಳಕ್ಕಿ ನನಗೆ ಹೊಟ್ಟೆಕಿಚ್ಚು ಹುಟ್ಟಿಸಿತು. ಹೊಸದಾಗಿ ಹರಗಿದ ಕರಿನೆಲ, ಮುಂದೆ ಟ್ರ್ಯಾಕ್ಟರಿನ ಧೂಳು, ಎದ್ದ ಹುಳಕ್ಕಾಗಿ ಹಿಂದೆ ಬಿದ್ದ ಗೋವಕ್ಕಿಗಳು. ನಮ್ಮ ಮಂದಿ ಎಲ್ಲವನ್ನೂ ಬೆಳ್ಳಕ್ಕಿ ಅನ್ನುತ್ತಾರೆ, ಇರಲಿ. ಪರದೆ ತಾನಾಗಿಯೇ ಸಿಕ್ಕಿತ್ತು. ಆದರೆ ಹಕ್ಕಿ ಸುಣ್ಣದ ಉಂಡೆಯಾಗಿದೆ, ಒಂದು ಗರಿಯೂ ಕಾಣುವುದಿಲ್ಲ. ನೀಲಕಂಠದಲ್ಲಿ ಆದದ್ದರ ಉಲ್ಟಾ ಇಲ್ಲಿ ಆಗಿದೆ. ಚೌಕಟ್ಟಿನ ಬಹುಪಾಲು ಕಪ್ಪಿದ್ದಾಗ ಕ್ಯಾಮೆರಾ ಅದನ್ನು ಬೂದಿ ಮಾಡಲು ಬೆಳಕು ಹೆಚ್ಚಿಸುತ್ತದೆ, ಬಿಳಿ ಸುಟ್ಟುಹೋಗುತ್ತದೆ. ಮೈನಸ್ 1 ಕೊಡಿ, ಬಿಸಿಲು ಖಾರವಾಗಿದ್ದರೆ ಮೈನಸ್ 1.3. ಸುಟ್ಟ ಜಾಗ ಮಿಣಮಿಣ ಮಿನುಗುವ ಹಾಗೆ ತೋರಿಸುವ ಸೌಲಭ್ಯ ನಿಮ್ಮ ಕ್ಯಾಮೆರಾದ ಮೆನುವಿನಲ್ಲಿರುತ್ತದೆ, ಅದನ್ನು ಚಾಲೂ ಮಾಡಿ. ಹಕ್ಕಿಯ ಮೈ ಮೇಲೆ ಮಿನುಗು ಕಂಡರೆ ಇನ್ನಷ್ಟು ಇಳಿಸಿ. ಕರಿನೆಲ ತುಸು ಹೆಚ್ಚು ಕಪ್ಪಾದರೆ ಆಗಲಿ, ಎರೆ ಇರುವುದೇ ಹಾಗೆ.

ರೆಕ್ಕೆಯ ತುದಿ ಕತ್ತರಿಸಿಹೋಗಿದೆ, ಅದಕ್ಕೆ ಕಾರಣ ನೀವು 300ಕ್ಕೆ ಪೂರ್ತಿ ಎಳೆದು ನಿಂತಿದ್ದು. ಹಾರುವ ಹಕ್ಕಿಗೆ 200ರ ಆಸುಪಾಸಿನಲ್ಲಿ ಹಿಡಿದು ಸುತ್ತ ಜಾಗ ಬಿಡಿ. ಶಟರ್ 1/640 ಸೆಕೆಂಡಿಗೆ ಇಟ್ಟಿದ್ದೀರಿ, ಕೂತ ಹಕ್ಕಿಗೆ ಅದು ಸಾಕು. ಹಾರುವುದಕ್ಕೆ 1/2000 ಬೇಕು. ಲೆನ್ಸಿನಲ್ಲಿರುವ ನಡುಕ ತಡೆಯುವ ವ್ಯವಸ್ಥೆ ನಿಮ್ಮ ಕೈಯ ನಡುಕವನ್ನಷ್ಟೇ ತಡೆಯುತ್ತದೆ, ಹಕ್ಕಿಯ ರೆಕ್ಕೆಯನ್ನಲ್ಲ. ಐಎಸ್‌ಒ ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಅದನ್ನು ಆಟೋದಲ್ಲಿ ಬಿಟ್ಟುಬಿಡಿ. ಚಿಂಚೋಳಿ ಕಾಡಿನೊಳಗೆ ಹೋದರೆ ಅದು 3200 ದಾಟಬಹುದು, ದಾಟಲಿ. ಕಾಳು ಚೆಲ್ಲಿದಂಥ ಚುಕ್ಕೆಗಳನ್ನು ಆಮೇಲೆ ಕಡಿಮೆ ಮಾಡಬಹುದು. ಅಲುಗಿದ್ದನ್ನು ಯಾರೂ ನಿಲ್ಲಿಸಲಾರರು.

ಕಂಪ್ಯೂಟರಿನ ಪ್ರಶ್ನೆಗೆ ಇಲ್ಲಿಂದಲೇ ಹೋಗೋಣ. ಈ ಬೆಳ್ಳಕ್ಕಿಯನ್ನು ನಾನು ಸಂಪಾದನೆಗೆ ಹಾಕಿ ನೋಡಿದೆ. ನೀವು ಕಳಿಸಿದ್ದು ಜೆಪೆಗ್, ಅದೂ ವಾಟ್ಸಾಪಿನಲ್ಲಿ ಕುಗ್ಗಿ ಬಂದದ್ದು. ಬಿಳಿಯನ್ನು ಇಳಿಸಿದರೆ ಗರಿಗಳ ಬದಲು ಬೂದಿ ಬಳಿದ ಗೋಡೆ ಬಂತು. ಸುಟ್ಟ ಕಡೆ ಕ್ಯಾಮೆರಾ ಏನನ್ನೂ ಬರೆದಿಟ್ಟಿರುವುದಿಲ್ಲ, ಇಲ್ಲದ್ದನ್ನು ಎಲ್ಲಿಂದ ತೆಗೆಯುವುದು? ಕ್ಯಾಮೆರಾ ಹಿಡಿದದ್ದನ್ನೆಲ್ಲ ಕುಗ್ಗಿಸದೆ ಇಡುವ ರಾ ಫೈಲಿನಲ್ಲಿ ತೆಗೆದಿದ್ದರೆ ತುಸು ಬಿಳಿ ವಾಪಸ್ ಬರುತ್ತಿತ್ತು. ಇವತ್ತೇ ರಾ ಚಾಲೂ ಮಾಡಿ. ಅದನ್ನು ತೆರೆಯಲು ಡಾರ್ಕ್‌ಟೇಬಲ್, ರಾಥೆರಪಿ ಎಂಬ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಫೋನಿನಲ್ಲೇ ಮಾಡುವುದಾದರೆ ಸ್ನ್ಯಾಪ್‌ಸೀಡ್ ಸಾಕು.

ಕೊಕ್ಕರೆಯ ಚಿತ್ರದಲ್ಲಿ ಮಾತ್ರ ಕೆಲಸಕ್ಕೆ ಜಾಗವಿತ್ತು. ನೀರಿನ ಗೆರೆ ನೆಟ್ಟಗೆ ಮಾಡಿದೆ. ಬಲಗಡೆಯ ತೇಲುವ ಪ್ಲಾಸ್ಟಿಕ್ಕು ಹೊರಗೆ ಹೋಗುವಂತೆ ಕತ್ತರಿಸಿದೆ. ಬಿಳಿಯನ್ನು ತುಸು ಇಳಿಸಿ, ಕೊರಳ ಕೆಳಗಿನ ನೆರಳನ್ನು ತುಸು ಎತ್ತಿದೆ. ಆಮೇಲೆ ಬ್ರಶ್ ತಗೊಂಡು ಹಿಂದಿನ ನೀರನ್ನಷ್ಟೇ ಬೆಳಕಿನ ಅಳತೆಯಲ್ಲಿ ಅರ್ಧ ಸ್ಟಾಪ್ ಕಪ್ಪು ಮಾಡಿದೆ, ಹಕ್ಕಿಯನ್ನು ಮುಟ್ಟಲಿಲ್ಲ. ಇಡೀ ಸಂಪಾದನೆಯಲ್ಲಿ ಹೆಚ್ಚು ಫಲ ಕೊಟ್ಟದ್ದು ಈ ಕೊನೆಯದು. ಹಕ್ಕಿಯನ್ನು ಹೊಳೆಯಿಸುವ ಬದಲು ಪರದೆಯನ್ನು ತಗ್ಗಿಸುವುದು. ಚುಕ್ಕೆ ಕಡಿಮೆ ಮಾಡುವುದು ಮೊದಲು, ಚೂಪು ಮಾಡುವುದು ಕಡೆಗೆ. ಚೂಪು ಮಾಡುವಾಗಲೂ ಕಣ್ಣು, ಕೊಕ್ಕು, ಗರಿಗೆ ಮಾತ್ರ. ಹಿಂದಿನ ನೀರಿಗೂ ಹಚ್ಚಿದರೆ ಅದರ ಮೇಲೆ ಮರಳು ಉದುರಿಸಿದ ಹಾಗಾಗುತ್ತದೆ.

ಕತ್ತರಿಸುವುದಕ್ಕೂ ಲೆಕ್ಕವಿದೆ. ನಿಮ್ಮ ಚಿತ್ರ 6000 ಅಗಲ, 4000 ಎತ್ತರ. ಎರಡೂ ಕಡೆ ಅರ್ಧಕ್ಕೆ ಕತ್ತರಿಸಿದರೆ 3000 ಗುಣಿಲೆ 2000 ಉಳಿಯಿತು, ಅಂದರೆ 24ರಲ್ಲಿ 6 ಮೆಗಾಪಿಕ್ಸೆಲ್. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 10 ಇಂಚು ಅಗಲದ ಮುದ್ರಣಕ್ಕೆ ಸಾಕು, ಫೋನಿನ ಪರದೆಗೆ ಧಾರಾಳ. ಅದಕ್ಕಿಂತ ಆಚೆ ಕತ್ತರಿಸಬೇಕು ಅನಿಸಿದರೆ ಹಕ್ಕಿ ಬಹಳ ದೂರ ಇತ್ತು ಅಂತ ಅರ್ಥ.

ಬಣ್ಣದ ಗುಂಡಿಯ ಬಗ್ಗೆ ನನ್ನದೊಂದು ಕಿರಿಕಿರಿ. ನೀಲಕಂಠದ ನೀಲಿ ಎಳೆದಷ್ಟೂ ಏರುತ್ತದೆ, ಒಂದು ಹಂತದ ಮೇಲೆ ಗರಿಗಳ ಗೆರೆಯೆಲ್ಲ ಅಳಿಸಿ ಜಾತ್ರೆಯ ಪ್ಲಾಸ್ಟಿಕ್ ಹಕ್ಕಿಯಾಗುತ್ತದೆ. ಕೈ ತಡೆಯದಿದ್ದರೆ ಚಿತ್ರವನ್ನು ಸುಮ್ಮನೆ ಕಪ್ಪು-ಬಿಳುಪಿಗೆ ತಿರುಗಿಸಿ ನೋಡಿ. ಆಗಲೂ ಕಣ್ಣು ನೇರ ಹಕ್ಕಿಗೇ ಹೋದರೆ ಜೋಡಣೆ ಸರಿಯಾಗಿದೆ. ಬೇರೆಲ್ಲೋ ಅಲೆದಾಡಿದರೆ ಬಣ್ಣದಿಂದ ಮುಚ್ಚಿಕೊಂಡಿದ್ದಿರಿ. ಸಂಡೂರಿನ ಎಂ.ವೈ. ಘೋರ್ಪಡೆಯವರ ಕಪ್ಪು-ಬಿಳುಪಿನ ವನ್ಯಜೀವಿ ಚಿತ್ರಗಳು ಎಲ್ಲಾದರೂ ಸಿಕ್ಕರೆ ನಿಧಾನಕ್ಕೆ ನೋಡಿ, ಬೆಳಕು ಮತ್ತು ಜಾಗ ಇವೆರಡೇ ಒಂದು ಚಿತ್ರವನ್ನು ಎಷ್ಟು ಹೊರಬಲ್ಲವು ಅಂತ ತಿಳಿಯುತ್ತದೆ. ಅಡ್ಡ ಬಂದ ಕಡ್ಡಿಯನ್ನು ಅಳಿಸಬಹುದೇ? ಗೋಡೆಗೆ ಹಾಕುವ ಚಿತ್ರಕ್ಕೆ ಅಳಿಸಿ. ಸ್ಪರ್ಧೆಗೆ ಕಳಿಸುವುದಿದ್ದರೆ ಮುಟ್ಟಬೇಡಿ, ಹಲವು ಕಡೆ ಮೂಲ ರಾ ಫೈಲನ್ನೇ ಕೇಳುತ್ತಾರೆ. ಇನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಮಸುಕಾದ ಹಕ್ಕಿಗೆ ಹೊಸ ಗರಿ ಬಿಡಿಸಿ ಕೊಡುತ್ತಿವೆ. ಚಂದವಾಗಿಯೇ ಬಿಡಿಸುತ್ತವೆ, ಆದರೆ ಆ ಗರಿ ಆ ಹಕ್ಕಿಯದಲ್ಲ.

600 ಎಂ.ಎಂ. ಲೆನ್ಸಿನ ಮಾತು. ಅದೇ ದೂರದಿಂದ ಹಕ್ಕಿ ಎರಡು ಪಟ್ಟು ದೊಡ್ಡದಾಗಿ ಬರುತ್ತದೆ, ಅಷ್ಟು ನಿಜ. ನೀವು 20 ಮೀಟರಿನಿಂದ 10 ಮೀಟರಿಗೆ ಸರಿದರೂ ಅಷ್ಟೇ ದೊಡ್ಡದಾಗುತ್ತದೆ. ಪರದೆಯ ದೃಷ್ಟಿಯಿಂದ ಹತ್ತಿರ ಸರಿಯುವುದಕ್ಕೆ ದೊಡ್ಡ ಬೆಲೆಯಿದೆ. ನಿಮ್ಮ ಕ್ಯಾಮೆರಾದಲ್ಲಿ 300 ಎಂ.ಎಂ.ನಲ್ಲಿ, ಲೆನ್ಸಿನ ಕಿಂಡಿ ಎಫ್ 5.6ಕ್ಕೆ ತೆರೆದಿದ್ದಾಗ, 20 ಮೀಟರ್ ದೂರದಲ್ಲಿ ಸುಮಾರು ಒಂದು ಮೀಟರ್ ಆಳ ಸ್ಪಷ್ಟವಾಗಿ ಬರುತ್ತದೆ. 10 ಮೀಟರಿಗೆ ಬಂದರೆ ಅದು 25 ಸೆಂಟಿಮೀಟರಿಗೆ ಇಳಿಯುತ್ತದೆ. ದೂರ ಅರ್ಧವಾದರೆ ಆಳ ಕಾಲುಭಾಗ. ಹಕ್ಕಿ ಉಳಿಯುತ್ತದೆ, ಹಿಂದಿನದೆಲ್ಲ ಕರಗುತ್ತದೆ. ಹಾಗಂತ ಹಕ್ಕಿಯ ಮೇಲೆ ಏರಿ ಹೋಗಬೇಡಿ. ನೀವು ಕೂತಲ್ಲಿಗೇ ಅದು ಬರುವ ಹಾಗೆ ಕೂಡಿ. ಅಪ್ಪನ ಕೆರೆಯ ಹಾಗೆ ಜನ ಓಡಾಡುವ ಕೆರೆಗಳ ಹಕ್ಕಿಗಳಿಗೆ ಮನುಷ್ಯರ ಅಂಜಿಕೆ ಕಡಿಮೆ. ಕಲಬುರಗಿಗೆ ಬಂದಾಗ ಅಲ್ಲಿಯ ಬೆಳ್ಳಕ್ಕಿ, ನೀರುಕಾಗೆಗಳ ಮೇಲೆ ಕೈ ಪಳಗಿಸಿ. ಒಂದು ವರ್ಷ ಇದೇ ಲೆನ್ಸಿನಲ್ಲಿ ತೆಗೆದ ಮೇಲೂ ಬೇಕು ಅನಿಸಿದರೆ ತಗೊಳ್ಳಿ, ಆಗ ಯಾತಕ್ಕೆ ಬೇಕು ಅಂತ ನಿಮಗೇ ಗೊತ್ತಿರುತ್ತದೆ.

ಕಡೆಯ ಪ್ರಶ್ನೆ ಟಿಟ್ಟಿಭದ್ದು. ಮೊಟ್ಟೆಯ ಫೋಟೋ ಬೇಡ ಮಾಸ್ತರರೇ.

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದೂ ಬೇಟೆಯ ವ್ಯಾಖ್ಯೆಯೊಳಗೆ ಬರುತ್ತದೆ. ಗೂಡಿನ ಚಿತ್ರಗಳನ್ನು ಈಗ ಎಷ್ಟೋ ಸ್ಪರ್ಧೆಗಳು ತೆಗೆದುಕೊಳ್ಳುವುದೂ ಇಲ್ಲ. ಆದರೆ ನಾನು ಬೇಡ ಅನ್ನುವುದು ಕಾಯ್ದೆಗೆ ಅಂಜಿ ಅಲ್ಲ. ಶುರುವಿನ ವರ್ಷಗಳಲ್ಲಿ ಒಮ್ಮೆ ಟಿಟ್ಟಿಭದ ನಾಲ್ಕು ಮೊಟ್ಟೆಗಳ ಎದುರು ಮಲಗಿ ಇಪ್ಪತ್ತು ನಿಮಿಷ ಫೋಟೋ ತೆಗೆದೆ. ಅಷ್ಟೂ ಹೊತ್ತು ಜೋಡಿ ಮೇಲೆ ಸುತ್ತುತ್ತ ಬಾಯಿ ಬಡಕೊಳ್ಳುತ್ತಿತ್ತು. ಎದ್ದು ಹೋಗಿ ಬೈಕು ಚಾಲೂ ಮಾಡುವಷ್ಟರಲ್ಲಿ, ನಾನು ಏನು ನೋಡುತ್ತಿದ್ದೆ ಅಂತ ಅಲ್ಲಿಯವರೆಗೂ ನೋಡುತ್ತಿದ್ದ ಎರಡು ಕಾಗೆ ಇಳಿದವು. ಆ ಚಿತ್ರಗಳನ್ನು ಯಾರಿಗೂ ತೋರಿಸಿಲ್ಲ.

ಟಿಟ್ಟಿಭಕ್ಕೆ ಗೂಡೆಂಬುದು ಇಲ್ಲ. ಬರೀ ನೆಲದಲ್ಲಿ, ಹೆಂಟೆ-ಹರಳುಗಳ ನಡುವೆ ಅದೇ ಬಣ್ಣದ ಮೊಟ್ಟೆ. ಮಾರ್ಚ್ ದಾಟಿದ ಮೇಲೆ ನಮ್ಮ ನೆಲ ಹೇಗೆ ಕಾಯುತ್ತದೆಂದು ನಿಮಗೆ ಹೇಳಬೇಕಿಲ್ಲ. ಮೊಟ್ಟೆಗೆ ನೆರಳು ಬೇಕೆಂದೇ ಅದು ಅದರ ಮೇಲೆ ಕೂತಿರುತ್ತದೆ. ನೀವು ಹತ್ತಿರ ನಿಂತ ಹೊತ್ತೆಲ್ಲ ಮೊಟ್ಟೆ ಬಿಸಿಲಲ್ಲಿ ಬೇಯುತ್ತಿರುತ್ತದೆ. ಬಿಸಿಲು ಹೆಚ್ಚಾದಾಗ ಅದು ಇನ್ನೊಂದು ಕೆಲಸ ಮಾಡುತ್ತದೆ. ಹತ್ತಿರದ ನೀರಿಗೆ ಹೋಗಿ, ಎದೆ ಹೊಟ್ಟೆಯ ಗರಿ ನೆನೆಯುವ ಹಾಗೆ ಕೂತು, ತೊಯ್ದ ಹೊಟ್ಟೆಯಲ್ಲಿ ವಾಪಸ್ ಬಂದು ಮೊಟ್ಟೆಯ ಮೇಲೆ ಕೂಡುತ್ತದೆ.

ನಿಮ್ಮ ಚಿತ್ರ ಅದು. ಗೂಡಿನ ಹತ್ತಿರ ಅಲ್ಲ, ನೀರಿನ ಹತ್ತಿರ. ಶಾಲೆಯ ಸುತ್ತ ಹೊಂಡವೋ ಕಾಲುವೆಯೋ ದನದ ತೊಟ್ಟಿಯ ಕೆಳಗೆ ನಿಂತ ನೀರೋ ಎಲ್ಲಿದೆ, ಹಕ್ಕಿ ಎಷ್ಟು ಹೊತ್ತಿಗೆ ಅಲ್ಲಿಗೆ ಬರುತ್ತದೆ ಅಂತ ಮಕ್ಕಳಿಗೆ ಗಮನಿಸಲು ಹೇಳಿ, ಅವರು ಕಿಟಕಿಯಿಂದಲೇ ನೋಡಿ ಬರೆದಿಡುತ್ತಾರೆ. ನೀವು ಅದರಿಂದ 15 ಮೀಟರ್ ದೂರದಲ್ಲಿ ಒಂದು ಬೇಲಿಯ ಮರೆಗೆ ಮೊದಲೇ ಹೋಗಿ ಕೂತಿರಿ. ಅದು ಬರುವುದು ಬಿಸಿಲು ಏರಿದ ಮೇಲೆ, ಹಾಗಾಗಿ ಬಿಸಿಗಾಳಿಯ ಕುಣಿತ ಇದ್ದೇ ಇರುತ್ತದೆ. ದೂರ ಕಡಿಮೆಯಿದ್ದಷ್ಟೂ ಅದು ಕಡಿಮೆ ಕಾಣುತ್ತದೆ, ಅದಕ್ಕೇ 15. ಅಷ್ಟರಲ್ಲೂ ತುಸು ಕದಡಿದರೆ ಇರಲಿ ಬಿಡಿ, ಈ ಒಂದು ಚಿತ್ರದಲ್ಲಿ ಸೆಖೆಯೇ ಪರದೆ. ಹಕ್ಕಿ ನಿಮ್ಮನ್ನು ಕಂಡು ಕೂಗಿ ನೀರಿಗೆ ಇಳಿಯದೇ ಹೋದರೆ ಎದ್ದು ಬಂದುಬಿಡಿ, ಮರುದಿನ ಇನ್ನೂ ಹಿಂದೆ ಕೂತರಾಯಿತು. ಚಿತ್ರ ಸಿಕ್ಕರೆ ನನಗೆ ಕಳಿಸಿ. ವಾಟ್ಸಾಪಿನಲ್ಲೇ ಆದರೂ ಸರಿ, ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ, ಆಗ ಕುಗ್ಗುವುದಿಲ್ಲ.